ಹದಿನೆಂಟರ ಹಾಳೆ, ಹದಿನೇಳೂವರೆಯ ಕಚ್ಚು

ಬೆಳಗಾವಿಯಿಂದ ಖಾನಾಪುರದ ರಸ್ತೆ ಹಿಡಿದರೆ ಉದ್ಯಮಬಾಗ, ಪೀರನವಾಡಿ, ಮಚ್ಛೆ ದಾಟಿದ ಮೇಲೆ ದೇಸೂರ. ಲೋಂಡಾ–ಮೀರಜ್ ರೈಲುಮಾರ್ಗದಲ್ಲಿ ಅದರ ಹೆಸರಿನ ನಿಲ್ದಾಣವೂ ಇದೆ. ಒಂದು ಕಡೆ ಉದ್ಯಮಬಾಗದ ಫೌಂಡ್ರಿಗಳು, ಇನ್ನೊಂದು ಕಡೆ ಖಾನಾಪುರದ ಕಾಡು. ಪ್ಲೈವುಡ್ಡಿನಲ್ಲಿ ಕಪಾಟು ಮಾಡುವ ಬಡಿಗನಿಗೆ ಇವೆರಡೂ ಕಡೆಯ ವಿದ್ಯೆ ಬೇಕು. ಕಟ್ಟಿಗೆಯ ಸ್ವಭಾವವೂ ಗೊತ್ತಿರಬೇಕು, ಕೂದಲೆಳೆಯ ಅಳತೆಯೂ ಗೊತ್ತಿರಬೇಕು. ಎರಡರ ಪರೀಕ್ಷೆಯೂ ಒಂದೇ ಕೆಲಸದಲ್ಲಿ ಆಗುತ್ತದೆ: ಹಾಳೆಯ ಅಂಚು ಬಿಗಿಯಾಗಿ ಕೂರುವಂಥ ಕಚ್ಚು ತೆಗೆಯುವುದು.

ಹಳೆಯ ಸಾಗವಾನಿ ಬಾಗಿಲುಗಳಲ್ಲೂ ಕಚ್ಚು ಇತ್ತು. ಚೌಕಟ್ಟಿನ ಒಳಮೈಯಲ್ಲಿ ಅದನ್ನು ಕೊರೆದು ನಡುವಿನ ಹಲಗೆ ಸೇರಿಸುತ್ತಿದ್ದರು. ಅಂಟು ಮಾತ್ರ ಹಾಕುತ್ತಿರಲಿಲ್ಲ. ಮಳೆಗಾಲದಲ್ಲಿ ಹಲಗೆ ಅಗಲಕ್ಕೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಅದಕ್ಕೆ ಆಡಲು ಜಾಗ ಬಿಡದಿದ್ದರೆ ಚೌಕಟ್ಟೇ ಬಿರಿಯುತ್ತದೆ. ಅಲ್ಲಿ ಸಡಿಲು ಬಿಡುವುದೇ ಜಾಣತನವಾಗಿತ್ತು.

ಪ್ಲೈವುಡ್ ಈ ಲೆಕ್ಕವನ್ನು ತಿರುವುಮುರುವು ಮಾಡಿತು. ತೆಳು ಪದರಗಳನ್ನು ಒಂದರ ಮೇಲೊಂದು ಅಡ್ಡಡ್ಡ ಅಂಟಿಸಿರುವುದರಿಂದ ಅದು ಅಗಲಕ್ಕೆ ಹಿಗ್ಗಿ ಕುಗ್ಗುವುದು ತೀರ ಕಡಿಮೆ. ಇಲ್ಲಿ ಕಚ್ಚು ಸಡಿಲಾದರೆ ಬಿರುಕು ಕಣ್ಣಿಗೆ ಬೀಳುತ್ತದೆ, ಅಂಟು ಹಿಡಿಯುವುದಿಲ್ಲ, ಪುಸ್ತಕದ ಭಾರವೆಲ್ಲ ಸ್ಕ್ರೂ ಮೇಲೆ ಬೀಳುತ್ತದೆ. ಪ್ಲೈ ಅಂಚಿಗೆ ಹೊಡೆದ ಸ್ಕ್ರೂ ಪದರಗಳನ್ನು ಸೀಳುವುದೇ ಹೆಚ್ಚು.

ತೊಂದರೆ ಶುರುವಾಗುವುದು 18 ಮಿ.ಮೀ. ಎಂದು ಬರೆದ ಅಂಗಡಿಯ ಚೀಟಿಯಿಂದ. ಸಾಮಾನ್ಯ ಪ್ಲೈವುಡ್ಡಿನ ಭಾರತೀಯ ಮಾನಕ ಐಎಸ್ 303. ಅದರ 1989ರ ಆವೃತ್ತಿ 6 ಮಿ.ಮೀ. ಮತ್ತು ಅದಕ್ಕಿಂತ ದಪ್ಪದ ಹಾಳೆಗೆ ಶೇ 5ರಷ್ಟು ಹೆಚ್ಚುಕಡಿಮೆಗೆ ಅವಕಾಶ ಕೊಟ್ಟಿತ್ತು. ಅಂದರೆ 18ರ ಹಾಳೆ 17.1 ಇದ್ದರೂ ಸರಿ, 18.9 ಇದ್ದರೂ ಸರಿ. ಮುಕ್ಕಾಲು ಇಂಚಿನ ರೌಟರ್ ಬಿಟ್ ಕೊರೆಯುವ ಕಚ್ಚಾದರೋ 19.05 ಮಿ.ಮೀ. ಹಾಳೆ ಅದರೊಳಗೆ ಓಲಾಡದೆ ಇನ್ನೇನು ಮಾಡೀತು? ಸಾಲದ್ದಕ್ಕೆ ಮೈಕಾ ಬೇರೆ: ಒಂದು ಮೈಗೆ 1 ಮಿ.ಮೀ., ಇನ್ನೊಂದು ಮೈಗೆ 0.8 ಅಂಟಿಸಿದರೆ ಅದೇ ಹಾಳೆ 20ರ ಹತ್ತಿರ ಹೋಗಿ ನಿಲ್ಲುತ್ತದೆ. ಆದ್ದರಿಂದ ಮೈಕಾ ಮೊದಲೋ ಕಚ್ಚು ಮೊದಲೋ ಎಂಬುದನ್ನು ಗರಗಸ ಮುಟ್ಟುವ ಮುಂಚೆಯೇ ತೀರ್ಮಾನಿಸಬೇಕು.

ಒಳ್ಳೆಯ ಕೆಲಸಗಾರ ಟೇಪನ್ನು ಬದಿಗಿಟ್ಟು ಹಾಳೆಯನ್ನೇ ಅಳತೆ ಮಾಡಿಕೊಳ್ಳುತ್ತಾನೆ. ಅದೇ ಹಾಳೆಯ ತುಂಡೊಂದನ್ನು ಎರಡು ನೇರ ಪಟ್ಟಿಗಳ ನಡುವೆ ಹಿಡಿದು ಪಟ್ಟಿಗಳನ್ನು ಬಿಗಿಯುತ್ತಾನೆ. ತುಂಡು ತೆಗೆದರೆ ಬೇಕಾದಷ್ಟೇ ಅಗಲದ ಹಾದಿ ಉಳಿಯುತ್ತದೆ. ಬೇರಿಂಗ್ ಇರುವ 12 ಮಿ.ಮೀ. ಬಿಟ್ ಒಂದು ಪಟ್ಟಿಗೆ ಒರಗಿ ಹೋಗಿ, ಇನ್ನೊಂದಕ್ಕೆ ಒರಗಿ ಮರಳಿದರೆ ಕಚ್ಚು ತಯಾರು. 18ರ ಹಾಳೆಗೆ 6 ಮಿ.ಮೀ. ಆಳ ಸಾಕು. ಕೊರೆಯುವ ಮೊದಲು ಗೆರೆಯ ಮೇಲೆ ಚೂಪು ಚಾಕು ಎಳೆದರೆ ಮೇಲ್ಪದರ ಸಿಬಿರೇಳುವುದಿಲ್ಲ. ಅಂಗೈಯಿಂದ ಒತ್ತಿದಾಗ ಹಾಳೆ ಕೂರಬೇಕು. ಸುತ್ತಿಗೆ ಬೇಕಾಯಿತೆಂದರೆ ಕಚ್ಚು ಕಿರಿದಾಯಿತು: ನೀರು ಬೆರೆತ ಬಿಳಿ ಅಂಟು ತಾಗಿದೊಡನೆ ಕಟ್ಟಿಗೆ ಉಬ್ಬಿ ಅರ್ಧದಲ್ಲೇ ಸಿಕ್ಕಿಕೊಳ್ಳುತ್ತದೆ.

ರೌಟರ್ ಇಲ್ಲದವರು ಕಟರ್ ಮಷಿನ್ನನ್ನು ಹಲಗೆಯ ಅಡಿಗೆ ತಲೆಕೆಳಗಾಗಿ ಬಿಗಿದು ಅದನ್ನೇ ಟೇಬಲ್ ಗರಗಸ ಮಾಡಿಕೊಳ್ಳುತ್ತಾರೆ. ಮೊದಲು ಎರಡು ಬದಿಯ ಗೆರೆ, ಆಮೇಲೆ ನಡುವೆ ಹಲವು ಸಲ ಹಾಯಿಸಿ, ಉಳಿದ ಗೋಡೆಗಳನ್ನು ಉಳಿಯಿಂದ ಕೆತ್ತುತ್ತಾರೆ. ಚೊಕ್ಕ ಕೆಲಸವೇ, ಸಂಶಯವಿಲ್ಲ. ಆದರೆ ರಕ್ಷಣೆಯ ಕವಚ ಬಿಚ್ಚಿದ ಆ ಬ್ಲೇಡಿನ ಪಕ್ಕ ಬೆರಳಿಡುವುದನ್ನು ಜಾಣತನ ಎಂದು ಹೊಗಳಲು ಮನಸ್ಸಾಗುವುದಿಲ್ಲ.

ಕೂದಲೆಳೆಯ ಈ ಲೆಕ್ಕಾಚಾರ ಖಾನಾಪುರದ ರಸ್ತೆಗೆ ಹೊಸದಲ್ಲ. ಫೌಂಡ್ರಿಗೆ ಬೇಕಾದ ಕಟ್ಟಿಗೆಯ ಪ್ಯಾಟರ್ನ್ ಮಾಡುವವರು, ಎರಕದ ಕಬ್ಬಿಣ ತಣಿಯುವಾಗ ಸುಮಾರು ಶೇ 1ರಷ್ಟು ಕುಗ್ಗುತ್ತದೆಂದು ಮಾದರಿಯನ್ನು ಅಷ್ಟೇ ದೊಡ್ಡದು ಮಾಡುತ್ತಾರೆ. ವರ್ನಿಯರ್ ಅವರ ಕಿಸೆಯ ಸಾಮಾನು. ಕಪಾಟು ಮಾಡುವವನಿಗೂ ಅದು ಬೇಕು, ಅದರಲ್ಲೂ ಹಿಂಬದಿಯ 6 ಮಿ.ಮೀ. ಹಾಳೆಗೆ; ಅಲ್ಲಿ ಅರ್ಧ ಮಿಲಿಮೀಟರ್ ತಪ್ಪಿದರೂ ಹಾಳೆ ಗಡಗಡ ಅನ್ನುತ್ತದೆ.

ಜಾಂಬೋಟಿ, ಕಣಕುಂಬಿಯ ಮಳೆಯ ಸೀಮೆಗೆ ಹೋಗುವ ಕಪಾಟಾದರೆ ಇನ್ನೊಂದು ಕೆಲಸ ಉಳಿಯುತ್ತದೆ. ಕಚ್ಚು ಕೊರೆದಲ್ಲಿ ಪದರಗಳ ಬಾಯಿ ತೆರೆದಿರುತ್ತದೆ, ತಂಪು ಗೋಡೆಯ ಪಸೆ ನುಗ್ಗುವುದು ಅಲ್ಲಿಂದಲೇ. ಅದಕ್ಕೆ ಕುದಿನೀರನ್ನೂ ತಡೆಯುವ ಬಿಡಬ್ಲ್ಯುಆರ್ ದರ್ಜೆಯ ಹಾಳೆ ಆರಿಸಿ, ಅಂಟು ಹತ್ತದ ಅಂಚುಗಳಿಗೆಲ್ಲ ಪಾಲಿಶ್ ಬಳಿದು, ಕಪಾಟನ್ನು ಗೋಡೆಯಿಂದ ಎರಡು ಬೆರಳು ದೂರ ನಿಲ್ಲಿಸುತ್ತಾರೆ.