ಸ್ವಾಯತ್ತ ನರಮಂಡಲದ ಅಸ್ವಸ್ಥತೆಯೊಂದಿಗೆ ದೈನಂದಿನ ಜೀವನ

ಸ್ವಾಯತ್ತ ನರಮಂಡಲದ ಅಸ್ವಸ್ಥತೆ ಅಥವಾ ಡಿಸ್‌ಆಟೋನೋಮಿಯಾ ಎಂಬುದು ಹೃದಯ ಬಡಿತ, ರಕ್ತದೊತ್ತಡ, ಬೆವರುವಿಕೆ, ಜೀರ್ಣಕ್ರಿಯೆ, ಮೂತ್ರವಿಸರ್ಜನೆ ಮೊದಲಾದ ಅನೈಚ್ಛಿಕ ದೇಹಕ್ರಿಯೆಗಳನ್ನು ನಿಯಂತ್ರಿಸುವ ನರಗಳಲ್ಲಿ ಕಂಡುಬರುವ ದೋಷಗಳಿಗೆ ಇರುವ ಒಟ್ಟು ಹೆಸರು. ಇದು ಒಂದೇ ರೋಗವಲ್ಲ. ಕೆಲವು ಬಗೆಗಳು ತಾತ್ಕಾಲಿಕವಾದವು, ಕೆಲವು ದೀರ್ಘಕಾಲ ಉಳಿಯುವಂಥವು, ಇನ್ನು ಕೆಲವು ವರ್ಷದಿಂದ ವರ್ಷಕ್ಕೆ ಉಲ್ಬಣಿಸುವಂಥವು. ಹೊರನೋಟಕ್ಕೆ ಆರೋಗ್ಯವಂತರಂತೆ ಕಾಣುವ ರೋಗಿಗಳು ಎದ್ದು ನಿಲ್ಲುವುದು, ಸ್ನಾನ ಮಾಡುವುದು, ಊಟ ಮಾಡುವುದು, ಬಸ್ಸಿನಲ್ಲಿ ಪ್ರಯಾಣಿಸುವುದು ಮುಂತಾದ ಸಾಮಾನ್ಯ ಕೆಲಸಗಳನ್ನೂ ಯೋಜಿಸಿ ಮಾಡಬೇಕಾಗುತ್ತದೆ. ಈ ಲೇಖನವು ಅಸ್ವಸ್ಥತೆಯ ಸ್ವರೂಪವನ್ನೂ, ಮಧ್ಯ ಕರ್ನಾಟಕದ ದಾವಣಗೆರೆ ಮತ್ತು ಹರಿಹರ ನಗರಗಳ ಹವಾಮಾನ, ಆಹಾರ ಮತ್ತು ದುಡಿಮೆಯ ಹಿನ್ನೆಲೆಯಲ್ಲಿ ಅದರ ದೈನಂದಿನ ನಿರ್ವಹಣೆಯನ್ನೂ ವಿವರಿಸುತ್ತದೆ.

ಸ್ವಾಯತ್ತ ನರಮಂಡಲ

ಬ್ರಿಟಿಷ್ ಶರೀರಕ್ರಿಯಾ ವಿಜ್ಞಾನಿ ಜಾನ್ ನ್ಯೂಪೋರ್ಟ್ ಲ್ಯಾಂಗ್ಲಿ 1898ರಲ್ಲಿ ಈ ನರಮಂಡಲಕ್ಕೆ 'ಸ್ವಾಯತ್ತ' ಎಂಬ ಅರ್ಥದ ಹೆಸರನ್ನು ನೀಡಿದರು. ಇದರಲ್ಲಿ ಸಿಂಪಥೆಟಿಕ್, ಪ್ಯಾರಾಸಿಂಪಥೆಟಿಕ್ ಮತ್ತು ಕರುಳಿನ ನರಜಾಲ ಎಂಬ ಮೂರು ವಿಭಾಗಗಳಿವೆ. ಸಿಂಪಥೆಟಿಕ್ ವಿಭಾಗವು ಹೃದಯ ಬಡಿತವನ್ನು ಹೆಚ್ಚಿಸಿ ರಕ್ತನಾಳಗಳನ್ನು ಸಂಕೋಚಿಸುತ್ತದೆ. ಪ್ಯಾರಾಸಿಂಪಥೆಟಿಕ್ ವಿಭಾಗವು ಹೃದಯ ಬಡಿತವನ್ನು ತಗ್ಗಿಸಿ ಜೀರ್ಣಕ್ರಿಯೆಗೆ ನೆರವಾಗುತ್ತದೆ.

ಮನುಷ್ಯನು ಮಲಗಿದಲ್ಲಿಂದ ಎದ್ದು ನಿಂತಾಗ ಗುರುತ್ವಾಕರ್ಷಣೆಯಿಂದಾಗಿ ಸುಮಾರು 500ರಿಂದ 800 ಮಿಲಿಲೀಟರ್ ರಕ್ತವು ಕಾಲು ಮತ್ತು ಹೊಟ್ಟೆಯ ಭಾಗಕ್ಕೆ ಇಳಿಯುತ್ತದೆ. ಕುತ್ತಿಗೆ ಮತ್ತು ಎದೆಯ ದೊಡ್ಡ ರಕ್ತನಾಳಗಳಲ್ಲಿರುವ ಒತ್ತಡ ಸಂವೇದಕಗಳು ಇದನ್ನು ಗುರುತಿಸಿ ಮಿದುಳಿಗೆ ಸಂದೇಶ ಕಳುಹಿಸುತ್ತವೆ. ಕ್ಷಣಮಾತ್ರದಲ್ಲಿ ರಕ್ತನಾಳಗಳು ಬಿಗಿಯಾಗಿ, ಹೃದಯ ಬಡಿತ ಸ್ವಲ್ಪ ಏರಿ, ಮಿದುಳಿಗೆ ರಕ್ತದ ಪೂರೈಕೆ ಮುಂದುವರಿಯುತ್ತದೆ. ಈ ಸರಪಳಿಯ ಯಾವುದೇ ಕೊಂಡಿ ದುರ್ಬಲವಾದರೆ ಕಣ್ಣು ಕತ್ತಲೆ ಬರುವುದು, ತಲೆಸುತ್ತು, ಎದೆ ಬಡಿತದ ಏರಿಕೆ ಅಥವಾ ಮೂರ್ಛೆ ಉಂಟಾಗುತ್ತದೆ.

ಮುಖ್ಯ ಬಗೆಗಳು

ನಿಂತಾಗ ರಕ್ತದೊತ್ತಡ ಕುಸಿತ: ಎದ್ದು ನಿಂತ 3 ನಿಮಿಷಗಳೊಳಗೆ ಸಂಕೋಚನ ಒತ್ತಡವು ಕನಿಷ್ಠ 20 ಅಥವಾ ವ್ಯಾಕೋಚನ ಒತ್ತಡವು ಕನಿಷ್ಠ 10 ಮಿಲಿಮೀಟರ್ ಪಾದರಸದಷ್ಟು ಇಳಿದು, ಆ ಇಳಿಕೆ ಹಾಗೆಯೇ ಉಳಿದರೆ ಅದನ್ನು ಈ ಹೆಸರಿನಿಂದ ಕರೆಯಲಾಗುತ್ತದೆ. ಸ್ವಾಯತ್ತ ನರಗಳ ವೈಫಲ್ಯದಿಂದ ಉಂಟಾಗುವ ಇಂಥ ಕುಸಿತವನ್ನು ಬ್ರಾಡ್‌ಬರಿ ಮತ್ತು ಎಗಲ್‌ಸ್ಟನ್ 1925ರಲ್ಲಿ ವಿವರಿಸಿದರು. ಇದು ವೃದ್ಧರಲ್ಲಿ, ಮಧುಮೇಹಿಗಳಲ್ಲಿ ಮತ್ತು ಪಾರ್ಕಿನ್ಸನ್ ರೋಗಿಗಳಲ್ಲಿ ಹೆಚ್ಚಾಗಿ ಕಂಡುಬರುತ್ತದೆ.

ಪಾಟ್ಸ್: ರಕ್ತದೊತ್ತಡ ಕುಸಿಯದಿದ್ದರೂ, ನಿಂತ 10 ನಿಮಿಷಗಳೊಳಗೆ ಹೃದಯ ಬಡಿತವು ನಿಮಿಷಕ್ಕೆ 30 ಅಥವಾ ಅದಕ್ಕಿಂತ ಹೆಚ್ಚು ಏರುವ ಸ್ಥಿತಿ. 12ರಿಂದ 19 ವರ್ಷದವರಲ್ಲಿ ಈ ಮಿತಿ 40. ಲಕ್ಷಣಗಳು ಕನಿಷ್ಠ 3 ತಿಂಗಳು ಇರಬೇಕು. ಇದು ಹದಿಹರೆಯದ ಹುಡುಗಿಯರಲ್ಲಿ ಮತ್ತು ಯುವತಿಯರಲ್ಲಿ ಹೆಚ್ಚು. ವೈರಾಣು ಸೋಂಕಿನ ನಂತರ ಆರಂಭವಾಗುವುದುಂಟು. ಕೋವಿಡ್ ನಂತರವೂ ಇಂಥ ಪ್ರಕರಣಗಳು ಜಗತ್ತಿನಾದ್ಯಂತ ವರದಿಯಾಗಿವೆ.

ಪ್ರತಿವರ್ತನ ಮೂರ್ಛೆ: ರಕ್ತವನ್ನು ಕಂಡಾಗ, ತೀವ್ರ ನೋವಾದಾಗ, ಬಿಸಿಲಿನಲ್ಲಿ ಬಹಳ ಹೊತ್ತು ನಿಂತಾಗ ಹೃದಯ ಬಡಿತ ಮತ್ತು ರಕ್ತದೊತ್ತಡ ಹಠಾತ್ತನೆ ಇಳಿದು ಪ್ರಜ್ಞೆ ತಪ್ಪುವುದು. ಶಾಲೆಯ ಪ್ರಾರ್ಥನಾ ಸಭೆಯಲ್ಲಿ ಮಕ್ಕಳು ಕುಸಿದು ಬೀಳುವುದಕ್ಕೆ ಹಲವು ಬಾರಿ ಇದೇ ಕಾರಣ.

ಅನ್ಯ ರೋಗಗಳ ಪರಿಣಾಮ: ದೀರ್ಘಕಾಲದ ಮಧುಮೇಹವು ಸ್ವಾಯತ್ತ ನರಗಳಿಗೆ ಹಾನಿ ಮಾಡುವ ಪ್ರಮುಖ ಕಾರಣಗಳಲ್ಲಿ ಒಂದು. ಕುಷ್ಠರೋಗದಲ್ಲಿಯೂ ಚರ್ಮದ ಸ್ವಾಯತ್ತ ನರಗಳು ನಾಶವಾಗಿ ಬಾಧಿತ ಭಾಗದಲ್ಲಿ ಬೆವರು ನಿಂತುಹೋಗುತ್ತದೆ. ಗಿಲನ್-ಬಾರೆ ಸಿಂಡ್ರೋಮ್, ಅಮೈಲಾಯ್ಡೋಸಿಸ್ ಮತ್ತು ಕೆಲವು ಆನುವಂಶಿಕ ರೋಗಗಳಲ್ಲಿಯೂ ಈ ತೊಂದರೆ ಕಾಣಿಸಿಕೊಳ್ಳುತ್ತದೆ.

ಲಕ್ಷಣಗಳು

ತಲೆಸುತ್ತು, ಕಣ್ಣು ಮಂಜಾಗುವುದು, ಆಯಾಸ, ಎದೆ ಬಡಿತ, ಕೈಕಾಲು ನಡುಕ, ಏಕಾಗ್ರತೆಯ ಕೊರತೆ, ಹೊಟ್ಟೆ ಉಬ್ಬರ, ಮಲಬದ್ಧತೆ ಅಥವಾ ಭೇದಿ, ಅತಿಯಾಗಿ ಬೆವರುವುದು ಅಥವಾ ಬೆವರದಿರುವುದು ಸಾಮಾನ್ಯ ಲಕ್ಷಣಗಳು. ಕುತ್ತಿಗೆ ಮತ್ತು ಭುಜಗಳಲ್ಲಿ ನೋವು ಬಂದು ಮಲಗಿದ ಕೂಡಲೇ ಕಡಿಮೆಯಾಗುವುದು ರಕ್ತದೊತ್ತಡ ಕುಸಿತದ ಒಂದು ವಿಶಿಷ್ಟ ಸೂಚನೆ. ಲಕ್ಷಣಗಳು ಬೆಳಗಿನ ಹೊತ್ತು, ಭಾರಿ ಊಟದ ನಂತರ, ಸೆಕೆಯಲ್ಲಿ, ಜ್ವರ ಅಥವಾ ಭೇದಿಯ ಸಮಯದಲ್ಲಿ ಉಲ್ಬಣಿಸುತ್ತವೆ. ಪಾಟ್ಸ್ ಇರುವ ಅನೇಕ ಸ್ತ್ರೀಯರಲ್ಲಿ ಋತುಸ್ರಾವದ ದಿನಗಳಲ್ಲಿ ತೊಂದರೆ ಹೆಚ್ಚುತ್ತದೆ.

ಮಧುಮೇಹಿಗಳಲ್ಲಿ ಎರಡು ಅಪಾಯಗಳು ವಿಶೇಷವಾದವು. ಮೊದಲನೆಯದಾಗಿ, ಸಕ್ಕರೆ ಅಂಶ ಇಳಿದಾಗ ಎಚ್ಚರಿಕೆ ನೀಡುವ ಬೆವರು, ನಡುಕಗಳು ಕಾಣಿಸದೇ ಹೋಗಬಹುದು. ಎರಡನೆಯದಾಗಿ, ಎದೆನೋವಿಲ್ಲದೆಯೇ ಹೃದಯಾಘಾತ ಸಂಭವಿಸಬಹುದು.

ರೋಗನಿರ್ಣಯ

ಪ್ರಾಥಮಿಕ ಪರೀಕ್ಷೆಗೆ ದುಬಾರಿ ಉಪಕರಣ ಬೇಕಿಲ್ಲ. ರೋಗಿಯನ್ನು 5 ನಿಮಿಷ ಮಲಗಿಸಿ ರಕ್ತದೊತ್ತಡ ಮತ್ತು ನಾಡಿಬಡಿತವನ್ನು ಅಳೆಯಲಾಗುತ್ತದೆ. ನಂತರ ನಿಲ್ಲಿಸಿ 1 ಮತ್ತು 3ನೇ ನಿಮಿಷದಲ್ಲಿ, ಪಾಟ್ಸ್ ಶಂಕೆಯಿದ್ದರೆ 10ನೇ ನಿಮಿಷದವರೆಗೂ ಅಳೆಯಲಾಗುತ್ತದೆ. ಕುಳಿತ ಸ್ಥಿತಿಯಲ್ಲಿ ಮಾತ್ರ ಅಳೆದರೆ ಈ ವ್ಯತ್ಯಾಸ ಗಮನಕ್ಕೆ ಬಾರದೇ ಹೋಗುವ ಸಾಧ್ಯತೆಯಿದೆ. ರಕ್ತಹೀನತೆ, ಥೈರಾಯ್ಡ್ ದೋಷ, ನಿರ್ಜಲೀಕರಣ ಮತ್ತು ಹೃದ್ರೋಗಗಳು ಇವೇ ಲಕ್ಷಣಗಳನ್ನು ಉಂಟುಮಾಡಬಲ್ಲವು. ಆದ್ದರಿಂದ ರಕ್ತಪರೀಕ್ಷೆ ಮತ್ತು ಇಸಿಜಿ ಅವಶ್ಯಕ. ಮೂತ್ರವರ್ಧಕಗಳು, ಪ್ರಾಸ್ಟೇಟ್ ತೊಂದರೆಗೆ ನೀಡುವ ಟ್ಯಾಮ್ಸುಲೋಸಿನ್ ಜಾತಿಯ ಔಷಧಗಳು ಹಾಗೂ ಕೆಲವು ಖಿನ್ನತಾ ನಿವಾರಕಗಳು ಕೂಡ ನಿಂತಾಗ ರಕ್ತದೊತ್ತಡವನ್ನು ಇಳಿಸುತ್ತವೆ. ಹೀಗಾಗಿ ರೋಗಿಯು ಸೇವಿಸುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಯನ್ನು ವೈದ್ಯರಿಗೆ ತೋರಿಸುವುದು ರೋಗನಿರ್ಣಯದ ಒಂದು ಭಾಗವಾಗಿದೆ.

ದೀರ್ಘ ಉಸಿರಾಟದ ಪರೀಕ್ಷೆ, ವಾಲ್ಸಾಲ್ವಾ ಪರೀಕ್ಷೆ, ಮುಷ್ಟಿ ಹಿಡಿತದ ಪರೀಕ್ಷೆ ಮತ್ತು ವಾಲುಮೇಜಿನ ಪರೀಕ್ಷೆಗಳ ಮೂಲಕ ನರಗಳ ಕಾರ್ಯವನ್ನು ಹೆಚ್ಚು ನಿಖರವಾಗಿ ಅಳೆಯಬಹುದು.

ದಾವಣಗೆರೆ ಮತ್ತು ಹರಿಹರದ ಹಿನ್ನೆಲೆ

ದಾವಣಗೆರೆಯು 1997ರಲ್ಲಿ ರಚನೆಯಾದ ಅದೇ ಹೆಸರಿನ ಜಿಲ್ಲೆಯ ಕೇಂದ್ರ. ತುಂಗಭದ್ರಾ ನದಿಯ ದಡದಲ್ಲಿರುವ ಹರಿಹರವು ಅಲ್ಲಿಂದ ಸುಮಾರು 14 ಕಿಲೋಮೀಟರ್ ದೂರದಲ್ಲಿದೆ. ವ್ಯಾಸಂಗ, ಉದ್ಯೋಗ ಮತ್ತು ಚಿಕಿತ್ಸೆಗಾಗಿ ಎರಡು ಊರುಗಳ ನಡುವೆ ನಿತ್ಯ ಓಡಾಡುವವರಿದ್ದಾರೆ. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಸಾರ್ವಜನಿಕ ಆಸ್ಪತ್ರೆ, 1965ರಲ್ಲಿ ಆರಂಭವಾದ ಜೆ.ಜೆ.ಎಂ. ವೈದ್ಯಕೀಯ ಮಹಾವಿದ್ಯಾಲಯ, ಬಾಪೂಜಿ ಆಸ್ಪತ್ರೆ ಹಾಗೂ ಎಸ್.ಎಸ್. ವೈದ್ಯಕೀಯ ವಿಜ್ಞಾನ ಸಂಸ್ಥೆಗಳಿವೆ. ನರರೋಗಗಳ ಉನ್ನತ ಚಿಕಿತ್ಸೆಗೆ ರಾಜ್ಯದ ಪ್ರಮುಖ ಕೇಂದ್ರವಾದ ನಿಮ್ಹಾನ್ಸ್ ಇರುವುದು ಸುಮಾರು 260 ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ. ನಿಲ್ಲಲು ಕಷ್ಟಪಡುವ ರೋಗಿಗೆ ಅಷ್ಟು ದೂರದ ಪ್ರಯಾಣವೇ ಒಂದು ಶ್ರಮ. ಕುಳಿತು ಅಥವಾ ಮಲಗಿ ಹೋಗಲು ಅನುಕೂಲವಿರುವ ರೈಲು ಇಂಥವರಿಗೆ ಹೊಂದಿಕೆಯಾಗುತ್ತದೆ. ಎರಡೂ ಊರುಗಳು ಬೆಂಗಳೂರು–ಹುಬ್ಬಳ್ಳಿ ರೈಲು ಮಾರ್ಗದಲ್ಲಿವೆ.

ಬಿಸಿಲು

ಈ ಭಾಗದಲ್ಲಿ ಮಾರ್ಚ್‌ನಿಂದ ಮೇ ತಿಂಗಳವರೆಗೆ ಮಧ್ಯಾಹ್ನದ ಉಷ್ಣಾಂಶವು 35 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಸೆಕೆಯಲ್ಲಿ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ಬೆವರಿನ ಮೂಲಕ ನೀರು ಮತ್ತು ಉಪ್ಪು ನಷ್ಟವಾಗುತ್ತದೆ. ಇವೆರಡೂ ರಕ್ತದೊತ್ತಡವನ್ನು ಇನ್ನಷ್ಟು ಇಳಿಸುತ್ತವೆ. ಬೆವರದ ರೋಗಿಗಳ ಸಮಸ್ಯೆ ಇದಕ್ಕೆ ವಿರುದ್ಧವಾದುದು: ದೇಹವು ತಂಪಾಗಲಾರದೆ ಉಷ್ಣಾಘಾತಕ್ಕೆ ಒಳಗಾಗುವ ಅಪಾಯವಿರುತ್ತದೆ. ಇಂಥವರಿಗೆ ಒದ್ದೆ ಬಟ್ಟೆ, ಫ್ಯಾನು ಮತ್ತು ನೆರಳು ಅನಿವಾರ್ಯ. ಮಂಡಕ್ಕಿ ಭಟ್ಟಿ, ಹೋಟೆಲಿನ ಒಲೆ, ಇಟ್ಟಿಗೆ ಗೂಡುಗಳ ಮುಂದೆ ದುಡಿಯುವವರಿಗೆ ಹೊರಗಿನ ಬಿಸಿಲಿನ ಜೊತೆಗೆ ಬೆಂಕಿಯ ತಾಪವೂ ಸೇರುತ್ತದೆ. ಎರಡು ವರ್ಷಕ್ಕೊಮ್ಮೆ ನಡೆಯುವ ದಾವಣಗೆರೆಯ ದುಗ್ಗಮ್ಮನ ಜಾತ್ರೆಯಂಥ ಜನಸಂದಣಿಯಲ್ಲಿ ಸಾಲಿನಲ್ಲಿ ನಿಲ್ಲುವುದು, ಉಪವಾಸದಿಂದ ಹರಕೆ ತೀರಿಸುವುದು ಮೂರ್ಛೆಗೆ ಕಾರಣವಾಗಬಹುದು.

ನೀರು ಮತ್ತು ಉಪ್ಪು

ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪನ್ನು ಶಿಫಾರಸು ಮಾಡುತ್ತದೆ. ಆದರೆ ಪಾಟ್ಸ್ ಮತ್ತು ನಿಂತಾಗ ರಕ್ತದೊತ್ತಡ ಕುಸಿಯುವ ಕೆಲವು ರೋಗಿಗಳಿಗೆ ವೈದ್ಯರು ಇದರ ಎರಡು ಪಟ್ಟಿನಷ್ಟು ಉಪ್ಪನ್ನೂ, ದಿನಕ್ಕೆ 2ರಿಂದ 3 ಲೀಟರ್ ನೀರನ್ನೂ ಸೂಚಿಸುವುದುಂಟು. ಹೆಚ್ಚಿನ ಉಪ್ಪು ನೀರನ್ನು ಹಿಡಿದಿಟ್ಟು ರಕ್ತದ ಪ್ರಮಾಣವನ್ನು ಏರಿಸುತ್ತದೆ. ಅಧಿಕ ರಕ್ತದೊತ್ತಡ, ಹೃದಯ ವೈಫಲ್ಯ ಅಥವಾ ಮೂತ್ರಪಿಂಡದ ರೋಗ ಇರುವವರಿಗೆ ಇದೇ ಕ್ರಮ ಅಪಾಯಕಾರಿ. ವೈದ್ಯರ ಸಲಹೆಯಿಲ್ಲದೆ ಇದನ್ನು ಅನುಸರಿಸಲಾಗದು.

ಒಂದೇ ಮನೆಯಲ್ಲಿ ಅಧಿಕ ರಕ್ತದೊತ್ತಡದ ಹಿರಿಯರು ಉಪ್ಪು ಬಿಟ್ಟಿರುವಾಗ ಕಿರಿಯರೊಬ್ಬರಿಗೆ ಹೆಚ್ಚು ಉಪ್ಪು ಬೇಕಾಗುವುದು ಅಡುಗೆಮನೆಯಲ್ಲಿ ಗೊಂದಲ ಉಂಟುಮಾಡುತ್ತದೆ. ಸಾರು, ಪಲ್ಯಗಳನ್ನು ಕಡಿಮೆ ಉಪ್ಪಿನಲ್ಲಿ ಮಾಡಿ, ರೋಗಿಯ ತಟ್ಟೆಗೆ ಪ್ರತ್ಯೇಕವಾಗಿ ಉಪ್ಪು ಬಡಿಸುವುದು ಒಂದು ಪರಿಹಾರ. ಉಪ್ಪು ಬೆರೆಸಿದ ಮಜ್ಜಿಗೆ, ಅಂಬಲಿ, ಗಂಜಿ, ಉಪ್ಪು ಹಾಕಿದ ನಿಂಬೆ ಶರಬತ್ತುಗಳು ಈ ಭಾಗದಲ್ಲಿ ಸುಲಭವಾಗಿ ದೊರೆಯುವ ಪಾನೀಯಗಳು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಒ.ಆರ್.ಎಸ್. ದ್ರಾವಣದ ಒಂದು ಲೀಟರ್‌ನಲ್ಲಿ 2.6 ಗ್ರಾಂ ಅಡುಗೆ ಉಪ್ಪು ಮತ್ತು 13.5 ಗ್ರಾಂ ಗ್ಲೂಕೋಸ್ ಇರುತ್ತದೆ. ಮಧುಮೇಹಿಗಳು ಈ ಗ್ಲೂಕೋಸನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಸ್ವಾಯತ್ತ ವೈಫಲ್ಯ ಇರುವವರಲ್ಲಿ ಸುಮಾರು ಅರ್ಧ ಲೀಟರ್ ನೀರನ್ನು ಬೇಗನೆ ಕುಡಿದರೆ ಕೆಲವೇ ನಿಮಿಷಗಳಲ್ಲಿ ರಕ್ತದೊತ್ತಡ ಏರುತ್ತದೆ. ಆದ್ದರಿಂದ ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲು ನೀರು ಕುಡಿಯುವ ಕ್ರಮ ರೂಢಿಯಲ್ಲಿದೆ.

ಆಹಾರ

ಊಟದ ನಂತರ ರಕ್ತವು ಕರುಳಿನ ಕಡೆಗೆ ಹರಿಯುವುದರಿಂದ ರಕ್ತದೊತ್ತಡ ಇಳಿಯಬಹುದು. ಹಿಟ್ಟು ಮತ್ತು ಸಕ್ಕರೆಯ ಅಂಶ ಹೆಚ್ಚಿರುವ ದೊಡ್ಡ ಊಟದಲ್ಲಿ ಈ ಇಳಿಕೆ ಅಧಿಕ. ದಾವಣಗೆರೆಯ ಪ್ರಸಿದ್ಧ ಬೆಣ್ಣೆ ದೋಸೆಯನ್ನಾಗಲಿ, ಮಂಡಕ್ಕಿ-ಮಿರ್ಚಿಯನ್ನಾಗಲಿ ಸಂಪೂರ್ಣ ತ್ಯಜಿಸಬೇಕಿಲ್ಲ. ಆದರೆ ಒಂದೇ ಸಲ ಹೊಟ್ಟೆ ತುಂಬ ತಿನ್ನುವ ಬದಲು ದಿನಕ್ಕೆ ಐದಾರು ಬಾರಿ ಸ್ವಲ್ಪ ಸ್ವಲ್ಪ ತಿನ್ನುವುದು, ಊಟವಾದ ಮೇಲೆ ಸ್ವಲ್ಪ ಹೊತ್ತು ಕುಳಿತಿರುವುದು ಉಪಯುಕ್ತ. ಮಧುಮೇಹದಿಂದ ಜಠರದ ಚಲನೆ ನಿಧಾನವಾದವರಿಗೆ ಎಣ್ಣೆ, ಬೆಣ್ಣೆ ಹಾಗೂ ನಾರಿನಂಶ ಹೆಚ್ಚಿರುವ ತಿನಿಸುಗಳು ಹೊಟ್ಟೆ ಭಾರ ಮತ್ತು ವಾಂತಿಯನ್ನು ತರುತ್ತವೆ. ಮದ್ಯಪಾನವು ರಕ್ತನಾಳಗಳನ್ನು ಹಿಗ್ಗಿಸುವುದರಿಂದ ವರ್ಜ್ಯ.

ಚಲನೆ ಮತ್ತು ಭಂಗಿ

ಹಾಸಿಗೆಯಿಂದ ಏಳುವಾಗ ಮೊದಲು ಪಕ್ಕಕ್ಕೆ ಹೊರಳಿ, ಅಂಚಿನಲ್ಲಿ ಒಂದೆರಡು ನಿಮಿಷ ಕುಳಿತು, ಮೀನಖಂಡಗಳನ್ನು ಆಡಿಸಿ, ನಂತರ ನಿಲ್ಲುವುದು ಮೂಲ ನಿಯಮ. ಕಣ್ಣು ಕತ್ತಲೆ ಬರುವ ಸೂಚನೆ ಸಿಕ್ಕಾಗ ಕಾಲುಗಳನ್ನು ಕತ್ತರಿಯಂತೆ ಹೆಣೆದು ಬಿಗಿಗೊಳಿಸುವುದು, ಮುಷ್ಟಿ ಬಿಗಿಯುವುದು ಅಥವಾ ಕುಕ್ಕರಗಾಲಿನಲ್ಲಿ ಕುಳಿತುಕೊಳ್ಳುವುದರಿಂದ ರಕ್ತವು ಮೇಲಕ್ಕೆ ಏರುತ್ತದೆ. ಸ್ನಾನಕ್ಕೆ ಬಿಸಿನೀರಿನ ಬದಲು ಉಗುರುಬೆಚ್ಚಗಿನ ನೀರನ್ನು ಬಳಸಿ, ಮಣೆ ಅಥವಾ ಸ್ಟೂಲಿನ ಮೇಲೆ ಕುಳಿತು ಸ್ನಾನ ಮಾಡುವುದು ಸುರಕ್ಷಿತ. ವೃದ್ಧರಲ್ಲಿ ರಾತ್ರಿ ಮೂತ್ರವಿಸರ್ಜನೆಗೆ ಎದ್ದಾಗ ಬಿದ್ದು ಸೊಂಟದ ಮೂಳೆ ಮುರಿಯುವ ಸಂಭವವಿರುವುದರಿಂದ ದೀಪ, ಹಿಡಿಕೆ ಮತ್ತು ಹಾಸಿಗೆಯ ಬಳಿ ಮೂತ್ರಪಾತ್ರೆ ಇರಿಸುವುದು ಒಳಿತು.

ಸ್ವಾಯತ್ತ ವೈಫಲ್ಯ ಇರುವ ಕೆಲವರಲ್ಲಿ ನಿಂತಾಗ ಕುಸಿಯುವ ರಕ್ತದೊತ್ತಡವು ಮಲಗಿದಾಗ ಅತಿಯಾಗಿ ಏರುತ್ತದೆ. ಇಂಥವರ ಮಂಚದ ತಲೆಭಾಗದ ಕಾಲುಗಳ ಕೆಳಗೆ ಇಟ್ಟಿಗೆ ಅಥವಾ ಮರದ ತುಂಡು ಇಟ್ಟು 15ರಿಂದ 20 ಸೆಂಟಿಮೀಟರ್ ಎತ್ತರಿಸಲಾಗುತ್ತದೆ. ಕೇವಲ ದಿಂಬುಗಳನ್ನು ಹೆಚ್ಚಿಸುವುದರಿಂದ ಈ ಪ್ರಯೋಜನ ದೊರೆಯುವುದಿಲ್ಲ.

ಪಾಟ್ಸ್ ರೋಗಿಗಳಿಗೆ ನಿಯಮಿತ ವ್ಯಾಯಾಮವು ಚಿಕಿತ್ಸೆಯ ಮುಖ್ಯ ಅಂಗ. ಆರಂಭದಲ್ಲಿ ಮಲಗಿ ಅಥವಾ ಕುಳಿತು ಮಾಡುವ ವ್ಯಾಯಾಮಗಳನ್ನು ಕೈಗೊಂಡು, ಕೆಲವು ತಿಂಗಳುಗಳಲ್ಲಿ ಕ್ರಮೇಣ ನಡಿಗೆಗೆ ಬರಲಾಗುತ್ತದೆ. ಸೊಂಟದವರೆಗಿನ ಒತ್ತಡದ ಕಾಲುಚೀಲ ಮತ್ತು ಹೊಟ್ಟೆಪಟ್ಟಿಗಳು ನೆರವಾಗುತ್ತವೆಯಾದರೂ, ಬೇಸಿಗೆಯಲ್ಲಿ ಕಾಲುಚೀಲ ಧರಿಸುವುದು ಕಷ್ಟ. ಆಗ ಹೊಟ್ಟೆಪಟ್ಟಿ ಮಾತ್ರವನ್ನು ಬಳಸುವುದುಂಟು.

ಔಷಧ

ಮೇಲಿನ ಕ್ರಮಗಳು ಸಾಲದಿದ್ದಾಗ ಫ್ಲೂಡ್ರೋಕಾರ್ಟಿಸೋನ್, ಮಿಡೋಡ್ರಿನ್, ಕಡಿಮೆ ಪ್ರಮಾಣದ ಪ್ರೊಪ್ರನೊಲೋಲ್, ಇವಾಬ್ರಡಿನ್ ಮೊದಲಾದವುಗಳನ್ನು ಅಸ್ವಸ್ಥತೆಯ ಬಗೆಗೆ ತಕ್ಕಂತೆ ನೀಡಲಾಗುತ್ತದೆ. ಮಿಡೋಡ್ರಿನ್ ಸೇವಿಸಿದ ನಂತರ ಸುಮಾರು 4 ಗಂಟೆಗಳ ಕಾಲ ಮಲಗಬಾರದು. ಮಧುಮೇಹಿಗಳಲ್ಲಿ ಸಕ್ಕರೆಯ ನಿಯಂತ್ರಣವೇ ನರಹಾನಿಯನ್ನು ತಡೆಯುವ ಅಥವಾ ನಿಧಾನಗೊಳಿಸುವ ಮುಖ್ಯ ಉಪಾಯ.

ಮೂರ್ಛೆ ಬಂದಾಗ ಪ್ರಥಮ ಚಿಕಿತ್ಸೆ

ಕುಸಿದವರನ್ನು ಎತ್ತಿ ಕೂರಿಸುವುದು, ನಾಲ್ಕು ಜನ ಸುತ್ತುವರಿಯುವುದು, ಬಾಯಿಗೆ ನೀರು ಹಾಕುವುದು, ಕೈಗೆ ಕಬ್ಬಿಣ ಕೊಡುವುದು ಜನರಲ್ಲಿ ಕಂಡುಬರುವ ರೂಢಿಗಳು. ಇವುಗಳಲ್ಲಿ ಎತ್ತಿ ಕೂರಿಸುವುದರಿಂದ ಮಿದುಳಿಗೆ ರಕ್ತದ ಪೂರೈಕೆ ಇನ್ನೂ ಕಡಿಮೆಯಾಗುತ್ತದೆ. ಪ್ರಜ್ಞೆಯಿಲ್ಲದವರ ಬಾಯಿಗೆ ಹಾಕಿದ ನೀರು ಶ್ವಾಸನಾಳ ಸೇರಬಹುದು. ನೆಲದ ಮೇಲೆ ಚಪ್ಪಟೆಯಾಗಿ ಮಲಗಿಸಿ, ಕಾಲುಗಳನ್ನು ಎತ್ತರಿಸಿ, ಬಿಗಿಯಾದ ಉಡುಪನ್ನು ಸಡಿಲಿಸಿ ಗಾಳಿಯಾಡಲು ಬಿಡುವುದು ಸರಿಯಾದ ಕ್ರಮ. ಸಾಮಾನ್ಯ ಮೂರ್ಛೆಯಲ್ಲಿ ಒಂದೆರಡು ನಿಮಿಷದೊಳಗೆ ಎಚ್ಚರವಾಗುತ್ತದೆ. ಎಚ್ಚರವಾಗದಿದ್ದರೆ, ಎದೆನೋವಿದ್ದರೆ, ವ್ಯಾಯಾಮ ಮಾಡುತ್ತಿರುವಾಗಲೇ ಬಿದ್ದಿದ್ದರೆ ಅಥವಾ ತಲೆಗೆ ಪೆಟ್ಟಾಗಿದ್ದರೆ 108 ಸಂಖ್ಯೆಗೆ ಕರೆ ಮಾಡಿ ಆಸ್ಪತ್ರೆಗೆ ಸಾಗಿಸಬೇಕಾಗುತ್ತದೆ.

ಸಾಮಾಜಿಕ ಮತ್ತು ಕಾನೂನಾತ್ಮಕ ಅಂಶಗಳು

ಮಲಗಿದಾಗ ಆರೋಗ್ಯವಾಗಿದ್ದು ನಿಂತಾಗ ಮಾತ್ರ ಕುಸಿಯುವ ರೋಗವನ್ನು ಸೋಮಾರಿತನ, ಹೆದರಿಕೆ ಅಥವಾ ಮೈಮೇಲೆ ದೇವರು-ದೆವ್ವ ಬಂದದ್ದೆಂದು ಭಾವಿಸುವುದುಂಟು. ಜಾಹೀರಾತುಗಳಲ್ಲಿ ಬಳಕೆಯಾಗುವ 'ನರದೌರ್ಬಲ್ಯ' ಎಂಬ ಪದಕ್ಕೂ ಈ ಅಸ್ವಸ್ಥತೆಗೂ ಸಂಬಂಧವಿಲ್ಲ. ಎದೆ ಬಡಿತ ಮತ್ತು ನಡುಕಗಳು ಆತಂಕ ರೋಗದ ಲಕ್ಷಣಗಳನ್ನು ಹೋಲುವುದರಿಂದ ಯುವತಿಯರಲ್ಲಿ ರೋಗನಿರ್ಣಯ ವಿಳಂಬವಾಗುತ್ತದೆ. ಮಲಗಿ ಮತ್ತು ನಿಂತು ಅಳೆದ ನಾಡಿಬಡಿತದ ಬರೆಹವು ಇಂಥ ಸಂದರ್ಭದಲ್ಲಿ ಕುಟುಂಬಕ್ಕೂ ವೈದ್ಯರಿಗೂ ಸ್ಪಷ್ಟ ಆಧಾರವಾಗುತ್ತದೆ.

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016 ಒಟ್ಟು 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ. ಅದರ 'ದೀರ್ಘಕಾಲೀನ ನರ ಸಂಬಂಧಿ ಸ್ಥಿತಿಗಳು' ಎಂಬ ವರ್ಗದಲ್ಲಿ ಪಾರ್ಕಿನ್ಸನ್ ರೋಗ ಮತ್ತು ಮಲ್ಟಿಪಲ್ ಸ್ಕ್ಲಿರೋಸಿಸ್‌ಗಳ ಹೆಸರಿದೆ. ಡಿಸ್‌ಆಟೋನೋಮಿಯಾದ ಹೆಸರು ಪ್ರತ್ಯೇಕವಾಗಿಲ್ಲ. ಈ ಕಾರಣದಿಂದ, ತರಗತಿಯಲ್ಲಿ ನೀರಿನ ಬಾಟಲಿ ಇರಿಸಿಕೊಳ್ಳುವುದು, ಪ್ರಾರ್ಥನಾ ಸಭೆಯಲ್ಲಿ ಕುಳಿತಿರುವುದು, ಅಂಗಡಿಯ ಗಲ್ಲಾದ ಬಳಿ ಸ್ಟೂಲು ಪಡೆಯುವುದು, ಬಸ್ಸಿನಲ್ಲಿ ಆಸನ ಕೇಳುವುದು ಮುಂತಾದ ಸಣ್ಣ ಅನುಕೂಲಗಳು ಬಹುಮಟ್ಟಿಗೆ ಶಿಕ್ಷಕರು, ಮಾಲೀಕರು ಮತ್ತು ಸಹಪ್ರಯಾಣಿಕರ ತಿಳಿವಳಿಕೆಯನ್ನು ಅವಲಂಬಿಸಿವೆ. ರೋಗದ ಹೆಸರು ಮತ್ತು ಬೇಕಾದ ಅನುಕೂಲಗಳನ್ನು ನಮೂದಿಸಿದ ವೈದ್ಯರ ಪತ್ರವನ್ನು ಶಾಲೆ ಅಥವಾ ಕೆಲಸದ ಸ್ಥಳಕ್ಕೆ ಸಲ್ಲಿಸುವುದು ಇದಕ್ಕೆ ನೆರವಾಗುತ್ತದೆ.