ಬಿಎಸ್‌ಸಿ ಕೆಮಿಸ್ಟ್ರಿ ಮುಗಿದ ಮೇಲೆ ಮುಂದೇನು? ಬೆಂಗಳೂರು, ಹೈದರಾಬಾದ್‌ನಲ್ಲಿ ಇರುವ ದಾರಿಗಳು ಇಲ್ಲಿವೆ

ಗುಂಜಹಳ್ಳಿ: "ಮಗ ಬಿಎಸ್‌ಸಿ ಕಡೀ ವರ್ಷ ಅದಾನ, ಕೆಮಿಸ್ಟ್ರಿ ಚಲೋ ಮಾಡ್ತಾನ. ಮುಂದ ಬಿಎಡ್ ಬಿಟ್ಟು ಬ್ಯಾರೆ ಏನರ ಐತೇನಪ್ಪ?" ಊರಿನ ಕಿರಾಣಿ ಅಂಗಡಿ ಕಟ್ಟೆ ಮೇಲೆ ಪದೇ ಪದೇ ಕೇಳಿ ಬರುವ ಪ್ರಶ್ನೆ ಇದು. ಇದೆ. ಆದರೆ ಡಿಗ್ರಿ ಮುಗಿದ ಮೇಲೆ ಹುಡುಕಿದರೆ ಒಂದು ವರ್ಷ ಹೋಗುತ್ತದೆ. ಕೊನೆ ವರ್ಷದಲ್ಲಿ ಇರುವಾಗಲೇ ಶುರು ಮಾಡಬೇಕು.

ಮುಖ್ಯವಾಗಿ ಎರಡು ದಾರಿ ಇವೆ. ಒಂದು ಕಂಪನಿ ಲ್ಯಾಬ್, ಇನ್ನೊಂದು ಸಂಶೋಧನೆ.

ಕಂಪನಿ ಕೆಲಸ

ಬೆಂಗಳೂರಿನ ಬೊಮ್ಮಸಂದ್ರ, ಜಿಗಣಿ ಕಡೆ ಹಾಗೂ ಹೈದರಾಬಾದ್‌ನ ಜೀಡಿಮೆಟ್ಲ, ಬೊಲ್ಲಾರಂ, ಪಾಶಮೈಲಾರಂ, ಜೀನೋಮ್ ವ್ಯಾಲಿಯಲ್ಲಿ ಔಷಧ ಕಂಪನಿಗಳಿವೆ. ಬಿಎಸ್‌ಸಿ ಆದವರನ್ನು ಇಲ್ಲಿ ಟ್ರೈನಿ ಕೆಮಿಸ್ಟ್ ಅಂತ ತಗೋತಾರೆ. ತಯಾರಾದ ಮಾಲು ಸರಿ ಇದೆಯಾ ಅಂತ ಪರೀಕ್ಷೆ ಮಾಡೋದು, ಅದರ ದಾಖಲೆ ಬರೆಯೋದು ಕೆಲಸ. ಎಚ್‌ಪಿಎಲ್‌ಸಿ ಮಷಿನ್ ಬಗ್ಗೆ ತಿಳಿದಿದ್ದರೆ, ಟೈಟ್ರೇಷನ್ ಸರಿಯಾಗಿ ಬಂದರೆ ಇಂಟರ್‌ವ್ಯೂನಲ್ಲಿ ಅನುಕೂಲ. ಕೇಂದ್ರ ಸರ್ಕಾರದ ನ್ಯಾಟ್ಸ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿದರೆ ಅಪ್ರೆಂಟಿಸ್ ಆಗಿಯೂ ಸೇರಬಹುದು.

ಎರಡು ಮಾತು ನೆನಪಿರಲಿ. ಕೆಲಸ ಕೊಡಿಸ್ತೀವಿ ಅಂತ ಮುಂಗಡ ದುಡ್ಡು ಕೇಳುವ ಏಜೆಂಟರಿಗೆ ಒಂದು ರೂಪಾಯಿನೂ ಕೊಡಬೇಡಿ. ಸರಿಯಾದ ಕಂಪನಿ ಕೆಲಸಕ್ಕೆ ಸೇರುವವರ ಹತ್ತಿರ ದುಡ್ಡು ಕೇಳಲ್ಲ. ಇನ್ನೊಂದು ಸುರಕ್ಷತೆ. 2025ರ ಜೂನ್ 30ರಂದು ಪಾಶಮೈಲಾರಂನ ಕಾರ್ಖಾನೆಯೊಂದರಲ್ಲಿ ಸ್ಫೋಟವಾಗಿ 40ಕ್ಕೂ ಹೆಚ್ಚು ಜನ ಸತ್ತರು. ಕೆಲಸ ಲ್ಯಾಬ್‌ನಲ್ಲೋ, ಪ್ಲಾಂಟ್‌ನಲ್ಲೋ, ಇಎಸ್‌ಐ, ಪಿಎಫ್ ಇದೆಯೋ ಇಲ್ಲವೋ, ಸೇರುವ ಮೊದಲೇ ಕೇಳಿಕೊಳ್ಳಿ.

ಸಂಶೋಧನೆ

"ರಿಸರ್ಚ್ ಅಂದ್ರ ಸಾಹುಕಾರ್ ಮಕ್ಕಳಿಗೆ" ಅನ್ನೋ ಮಾತು ತಪ್ಪು. ಇಲ್ಲಿ ಓದುವವರಿಗೇ ದುಡ್ಡು ಕೊಡ್ತಾರೆ.

ಮೊದಲ ಬಾಗಿಲು ಜಾಮ್ ಪರೀಕ್ಷೆ. ಸಾಮಾನ್ಯವಾಗಿ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಅರ್ಜಿ, ಫೆಬ್ರುವರಿಯಲ್ಲಿ ಪರೀಕ್ಷೆ. ಕೊನೆ ವರ್ಷದ ವಿದ್ಯಾರ್ಥಿಗಳೂ ಬರೆಯಬಹುದು. ಇದರಿಂದ ಐಐಟಿಗಳಲ್ಲಿ ಎಂಎಸ್‌ಸಿ ಸೀಟು ಸಿಗುತ್ತದೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಎಂಎಸ್‌ಸಿ, ಪಿಎಚ್‌ಡಿ ಎರಡೂ ಸೇರಿದ ಕೋರ್ಸಿಗೂ ಇದೇ ದಾರಿ. ಅಲ್ಲಿ ಓದುವಾಗಲೇ ತಿಂಗಳ ಸ್ಟೈಪೆಂಡ್ ಬರುತ್ತದೆ. ಭಾರತರತ್ನ ಸಿ.ಎನ್.ಆರ್. ರಾವ್ ಕಟ್ಟಿದ ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರ, ಹೈದರಾಬಾದ್‌ನ ಐಐಸಿಟಿ ಕೂಡ ರಸಾಯನಶಾಸ್ತ್ರದ ದೊಡ್ಡ ಸಂಶೋಧನಾ ಸಂಸ್ಥೆಗಳು.

ಎರಡನೇ ಬಾಗಿಲು ಎಂಎಸ್‌ಸಿ ನಂತರದ ಸಿಎಸ್‌ಐಆರ್ ನೆಟ್. ಎಂಎಸ್‌ಸಿಯನ್ನು ಯರಗೇರಾದಲ್ಲೋ ಕಲಬುರಗಿಯಲ್ಲೋ ಓದಿದ್ದರೂ ಇದನ್ನು ಬರೆಯಬಹುದು. ಜೆಆರ್‌ಎಫ್ ಆಗಿ ಪಿಎಚ್‌ಡಿಗೆ ಸೇರಿದರೆ ಮೊದಲ 2 ವರ್ಷ ತಿಂಗಳಿಗೆ 37,000 ರೂ., ಆಮೇಲೆ 42,000 ರೂ. ಮನೆ ಬಾಡಿಗೆ ಭತ್ಯೆ ಬೇರೆ.

ಸಂಶೋಧನೆ ಅಂದರೆ ಏನು ಅಂತ ಮೊದಲು ಕಣ್ಣಾರೆ ನೋಡಬೇಕು ಅನ್ನುವವರಿಗೆ ಭಾರತೀಯ ವಿಜ್ಞಾನ ಅಕಾಡೆಮಿ ಸೇರಿ 3 ಅಕಾಡೆಮಿಗಳ ಬೇಸಿಗೆ ಫೆಲೋಶಿಪ್ ಇದೆ. ಎರಡು ತಿಂಗಳು ವಿಜ್ಞಾನಿಗಳ ಜೊತೆ ಲ್ಯಾಬ್‌ನಲ್ಲಿ ಕೆಲಸ, ಸ್ಟೈಪೆಂಡ್ ಕೂಡ ಇರುತ್ತದೆ.

ಸರ್ಟಿಫಿಕೇಟ್ ವಿಷಯ

ನಮ್ಮ ಕಡೆ ಹೆಚ್ಚು ಮಂದಿ ಎಡವೋದು ಇಲ್ಲೇ. 371ಜೆ ಸರ್ಟಿಫಿಕೇಟ್ ರಾಜ್ಯದ ಸೀಟು, ರಾಜ್ಯ ಸರ್ಕಾರದ ನೌಕರಿಗೆ ಮಾತ್ರ. ಐಐಟಿ, ಐಐಎಸ್‌ಸಿಗೆ, ಖಾಸಗಿ ಕಂಪನಿಗೆ ನಡೆಯಲ್ಲ. ಕೇಂದ್ರದ ಸಂಸ್ಥೆಗಳಿಗೆ ಕೇಂದ್ರದ ನಮೂನೆಯ ಜಾತಿ ಸರ್ಟಿಫಿಕೇಟ್ ಬೇಕು. ಒಬಿಸಿಯವರು ಹೊಸದಾಗಿಯೇ ಮಾಡಿಸಬೇಕು. ತಹಶೀಲ್ದಾರ್ ಕಚೇರಿಗೆ ಅರ್ಜಿ ಮೊದಲೇ ಹಾಕಿಡಿ.

ಹಾಗಂತ ಕೆಮಿಸ್ಟ್ರಿ ಬರೀ ಸಿಟಿಯಲ್ಲಿ ಇಲ್ಲ. ಹಟ್ಟಿಯಲ್ಲಿ ಅದಿರಿನಿಂದ ಚಿನ್ನ ಬೇರೆ ಮಾಡೋದು, ಶಕ್ತಿನಗರದ ಆರ್‌ಟಿಪಿಎಸ್‌ನಲ್ಲಿ ಬಾಯ್ಲರ್ ನೀರು, ಕಲ್ಲಿದ್ದಲು ಪರೀಕ್ಷೆ ಮಾಡೋದು ಎಲ್ಲ ಕೆಮಿಸ್ಟ್ರಿಯೇ. ಎರಡೂ ರಾಜ್ಯ ಸರ್ಕಾರದ ಸಂಸ್ಥೆಗಳು. ನೇಮಕಾತಿ ಪ್ರಕಟಣೆ ಬಂದಾಗ ನೋಡ್ತಾ ಇರಿ.

ಡಿಗ್ರಿ ಅರ್ಧಕ್ಕೆ ಬಿಟ್ಟವನು ನಾನು. ಜಾಮ್ ಅನ್ನೋ ಪರೀಕ್ಷೆ ಇದೆ ಅಂತ ಕಾಲೇಜಿನಲ್ಲಿ ಇದ್ದಾಗ ನನಗೆ ಗೊತ್ತೇ ಇರಲಿಲ್ಲ. ನಿಮ್ಮ ಓಣಿಯಲ್ಲಿ ಬಿಎಸ್‌ಸಿ ಓದುವ ಹುಡುಗ, ಹುಡುಗಿ ಇದ್ದರೆ ಈ ಸುದ್ದಿ ಅವರಿಗೆ ಕಳಿಸಿ.