ಶಾಸನಪಾಠವೂ ಸಂಕೇತಗ್ರಾಹಕವೂ

ಇಂದಿನ ಹಾವೇರಿ ಜಿಲ್ಲೆಯ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯು ಶಾಸನಾಭ್ಯಾಸಿಗಳಿಗೆ ಚಿರಪರಿಚಿತವಾದುದು. ಹಾನಗಲ್ಲೇ ಪ್ರಾಚೀನ ಪಾನುಂಗಲ್ಲು. ಕಲ್ಯಾಣದ ಚಾಲುಕ್ಯರಿಗೆ ಸಾಮಂತರಾಗಿದ್ದ ಕದಂಬಶಾಖೆಯೊಂದರ ರಾಜಧಾನಿ. ಹಿರೇಕೆರೂರು ಸೀಮೆಯ ಅಬ್ಬಲೂರಿನಲ್ಲಿ ಏಕಾಂತದ ರಾಮಯ್ಯನ ವೃತ್ತಾಂತವನ್ನು ಹೇಳುವ ಶಾಸನವಿರುವುದು. ಅದನ್ನು ಫ್ಲೀಟರು ಎಪಿಗ್ರಾಫಿಯಾ ಇಂಡಿಕಾದ 5ನೆಯ ಸಂಪುಟದಲ್ಲಿ ಪ್ರಕಟಿಸಿದರು. ಇಂತಹ ಶಿಲೆಗಳನ್ನು ಓದುವ ವಿದ್ವಾಂಸನು ಯಾವ ಯುಕ್ತಿಯನ್ನು ಅನುಸರಿಸುವನೋ ಬಹುಮಟ್ಟಿಗೆ ಅದೇ ಯುಕ್ತಿಯನ್ನು, ಈ ಊರುಗಳವರ ಕೈಯಲ್ಲಿರುವ ಮೊಬೈಲ್ ದೂರವಾಣಿಯು ಮಾತು ನಡೆಯುತ್ತಿರುವಾಗ ಸೆಕೆಂಡಿಗೆ ಸುಮಾರು 200 ಬಾರಿ ಪ್ರಯೋಗಿಸುತ್ತದೆ. ಇದಕ್ಕೆ ಈಕ್ವಲೈಸೇಷನ್ ಎಂದು ಹೆಸರು. ಸಮೀಕರಣವೆಂಬ ಶಬ್ದವು ಗಣಿತದಲ್ಲಿ ಬೇರೊಂದರ್ಥಕ್ಕೆ ಸಂದುಹೋಗಿರುವುದರಿಂದ ಸಮಕರಣವೆಂದು ಕರೆಯುವುದು ಲೇಸು.

ಮೊದಲು ಶಿಲೆಯ ವಿಷಯ. ಸವೆದ ಕಲ್ಲಿನ ಮೇಲೆ ಹಳಗಾಲದ ಮಕಾರ ವಕಾರಗಳು ಒಂದೇ ಆಕಾರವಾಗಿ ತೋರುವುದುಂಟು. ಆಗ ವಿದ್ವಾಂಸನು ದಾನಿಯ ಹೆಸರಿಗೆ ಕೈಹಾಕುವುದಿಲ್ಲ. ಚಾಲುಕ್ಯಶಾಸನಗಳ ಮೊದಲಿನಲ್ಲಿ ಬರುವ ಸಮಸ್ತಭುವನಾಶ್ರಯ, ಶ್ರೀಪೃಥ್ವೀವಲ್ಲಭ, ಮಹಾರಾಜಾಧಿರಾಜ ಮುಂತಾದ ಬಿರುದಾವಳಿಯನ್ನು ನೋಡುತ್ತಾನೆ. ಅಲ್ಲಿ ಯಾವ ಅಕ್ಷರವಿರಬೇಕೆಂಬುದು ಅವನಿಗೆ ಮೊದಲೇ ತಿಳಿದಿದೆ. ಆದುದರಿಂದ ಅವನು ಅಲ್ಲಿ ಓದುವುದು ಬಿರುದನ್ನಲ್ಲ, ಸವೆತವನ್ನು. ಈ ಕಲ್ಲಿನಲ್ಲಿ ಮಕಾರವು ಸವೆದರೆ ಹೇಗೆ ಕಾಣುವುದೆಂಬುದನ್ನು ಕಲಿತು, ಆ ತಿಳಿವಿನಿಂದ ತಿಳಿಯದ ಊರುಹೆಸರನ್ನು ಬಿಡಿಸುತ್ತಾನೆ.

ಇನ್ನು ಸಂಕೇತವು ಕೆಡುವ ಬಗೆ. ಮಾತು ಸೊನ್ನೆ, ಒಂದು ಎಂಬ ಎರಡೇ ಅಂಕಗಳ ಸಾಲಾಗಿ ಗೋಪುರದಿಂದ ಹೊರಡುತ್ತದೆ. ಮಾಸೂರಿನ ಮದಗದ ಕೆರೆಯಂತೆ ಗುಡ್ಡಗಳ ನಡುವಣ ತಾಣದಲ್ಲಿ ಒಬ್ಬನು ನಿಂತಿರುವನೆಂದು ಭಾವಿಸೋಣ. ಅಲೆಯೊಂದು ಅವನಿಗೆ ನೇರವಾಗಿ ಬಂದು, ಇನ್ನೊಂದು ಗುಡ್ಡಕ್ಕೆ ತಗುಲಿ 3 ಕಿಲೋಮೀಟರು ಸುತ್ತಿ ಬಂದರೆ, ಎರಡನೆಯದು ಸೆಕೆಂಡಿನ ಹತ್ತು ಲಕ್ಷದಲ್ಲಿ 10 ಪಾಲು ತಡವಾಗುವುದು. ಜಿ.ಎಸ್.ಎಂ. ಪದ್ಧತಿಯಲ್ಲಿ ಒಂದು ಅಂಕದ ಆಯುಸ್ಸು ಅಂತಹ 3.69 ಪಾಲು ಮಾತ್ರ. ಆದುದರಿಂದ ಹಿಂದಿನ ಅಂಕದ ಮಾರ್ದನಿಯು ಮುಂದಿನ ಎರಡು ಮೂರು ಅಂಕಗಳ ಮೇಲೆ ಬಿದ್ದು ಕಲಸಿಹೋಗುವುದು. ದೊಡ್ಡ ಗುಡಿಯ ಮಂಟಪದಲ್ಲಿ ಬೇಗಬೇಗನೆ ಓದಿದ ಶ್ಲೋಕದಂತೆ. ಸವಣೂರಿನ ಬಯಲಿನಲ್ಲಿ ಮಾರ್ದನಿಯ ಬಗೆಯೇ ಬೇರೆ, ಬಂಕಾಪುರದ ಹೆದ್ದಾರಿಯಲ್ಲಿ ಓಡುವ ಬಸ್ಸಿನೊಳಗೆ ಅದು ಕ್ಷಣಕ್ಷಣಕ್ಕೂ ಬೇರೆ. ಹೀಗಿರುವಲ್ಲಿ ಕಾರ್ಖಾನೆಯಲ್ಲೇ ಕಟ್ಟಿಕೊಟ್ಟ ಪರಿಹಾರವೊಂದು ಎಲ್ಲೆಡೆಗೂ ಸಲ್ಲದು. ಗ್ರಾಹಕವು ನಿಂತಲ್ಲೇ ಕಲಿಯಬೇಕು.

ಕಲಿಯುವ ಕ್ರಮವು ಸರಳವಾದುದು. ಬಂದ ಸಂಕೇತವನ್ನೂ, ಅದರ ಒಂದೆರಡು ಅಂಕಗಳಷ್ಟು ತಡವಾದ ಪ್ರತಿಗಳನ್ನೂ ಬೇರೆಬೇರೆ ತೂಕಗಳಿಂದ ಗುಣಿಸಿ ಕೂಡಿಸುವುದು. ಬಂದ ಮೊತ್ತವನ್ನು ತಿಳಿದ ಪಾಠದೊಡನೆ ಹೋಲಿಸುವುದು. ಅಂತರವೆಷ್ಟೋ ಅದಕ್ಕೆ ತಕ್ಕಂತೆ ಪ್ರತಿಯೊಂದು ತೂಕವನ್ನೂ ಸ್ವಲ್ಪ ತಿದ್ದುವುದು. ತಿದ್ದುಪಡಿ ಹೆಚ್ಚಾದರೆ ತೂಕಗಳು ಉಯ್ಯಾಲೆಯಾಡುವುವು, ಕಡಮೆಯಾದರೆ ಕಲಿಯುವಷ್ಟರಲ್ಲಿ ಸನ್ನಿವೇಶವೇ ಬದಲಾಗುವುದು. ಈ ತಿದ್ದುವ ಸೂತ್ರವನ್ನು 1960ರಲ್ಲಿ ವಿಡ್ರೋ ಮತ್ತು ಹಾಫ್ ಎಂಬವರು ಕೊಟ್ಟರು. 1965ರಲ್ಲಿ ಬೆಲ್ ಪ್ರಯೋಗಾಲಯದ ರಾಬರ್ಟ್ ಲಕ್ಕಿಯವರು ದೂರವಾಣಿಯ ತಂತಿಗಳಿಗೆ ಸ್ವಯಂಚಾಲಿತ ಸಮಕರಣವನ್ನು ವಿವರಿಸಿದರು.

ಜಿ.ಎಸ್.ಎಂ. ಪದ್ಧತಿಯಲ್ಲಿ ಒಂದು ಕಂತಿಗೆ 148 ಅಂಕಗಳು. ಇವುಗಳಲ್ಲಿ 26 ಅಂಕಗಳು ಬಿರುದಾವಳಿಯಂತೆ ಮೊದಲೇ ಗೊತ್ತಾದವು. ಅವು ಕೇಳುವವನಿಗೆ ಯಾವ ಸುದ್ದಿಯನ್ನೂ ಹೇಳವು. ಇವುಗಳನ್ನು ಕಂತಿನ ಆದಿಯಲ್ಲಿಡದೆ ನಟ್ಟನಡುವೆ ಇಟ್ಟಿರುವುದು ವಿಚಾರಾರ್ಹವಾಗಿದೆ. ಕಂತು ಮುಗಿಯುವಷ್ಟರಲ್ಲಿ ಮಾರ್ಗವು ಬದಲಾಗಬಹುದು. ನಡುವೆ ಕಲಿತುದು ಎರಡು ತುದಿಗಳಿಗೂ ಸಮೀಪವಾಗಿರುತ್ತದೆ. ಶಾಸನದ ಬುಡವು ಮಣ್ಣಿನಲ್ಲಿ ಹೂತು, ತಲೆಯು ಮಳೆಗೆ ಒಡ್ಡಿದ್ದರೆ ಸವೆತವು ಎರಡು ಬಗೆಯಾಗುವುದಷ್ಟೆ. ಅಲ್ಲಿ ಓದುಗನಿಗೆ ಕೊನೆಯ ಶಾಪಶ್ಲೋಕಗಳು ಎರಡನೆಯ ಆಧಾರವಾಗುತ್ತವೆ. ಮೊಬೈಲಿನಲ್ಲಿ ಈ 26ರಿಂದ ಮಾರ್ದನಿಯ ರೂಪವನ್ನು ಅಳೆದ ಮೇಲೆ, ವಿಟರ್ಬಿಯವರು 1967ರಲ್ಲಿ ಪ್ರಕಟಿಸಿದ ಕ್ರಮದಿಂದ, ಬಿಡಿ ಅಂಕಗಳನ್ನಲ್ಲದೆ ಇಡೀ ಸಾಲಿಗೆ ಒಪ್ಪುವ ಪಾಠವನ್ನೇ ಆರಿಸುವುದು ವಾಡಿಕೆ. ಪಾಠಸಂಶೋಧಕರಿಗೆ ಇದು ಹೊಸತಾಗಿ ತೋರದು.

ತಿಳಿದ ಪಾಠವು ಮುಗಿದ ಮೇಲೆ ಕಲಿಯುವುದು ಹೇಗೆ? ಕೆಲವು ಗ್ರಾಹಕಗಳು ತಾವು ನಿರ್ಣಯಿಸಿದ ಅಂಕವನ್ನೇ ನಿಜವೆಂದು ಹಿಡಿದು ತೂಕಗಳನ್ನು ತಿದ್ದುತ್ತ ಹೋಗುತ್ತವೆ. ನಿರ್ಣಯಗಳು ಬಹುಪಾಲು ಸರಿಯಾಗಿರುವಷ್ಟು ಕಾಲ ಇದರಿಂದ ಲಾಭವೇ. ತಪ್ಪುಗಳು ಹೆಚ್ಚಿದರೆ ಮಾತ್ರ ತಪ್ಪೇ ಗುರುವಾಗಿ ಮುಂದಿನ ತಪ್ಪನ್ನು ಕಲಿಸುವುದು. ಊಹಿಸಿ ತುಂಬಿದ ಒಂದು ಅಕ್ಷರವನ್ನು ಪ್ರಮಾಣವಾಗಿಟ್ಟುಕೊಂಡು ಎರಡನೆಯದನ್ನು ತುಂಬುವ ಸಂಪಾದನೆಗೂ ಇದೇ ಗತಿ. ತಿಳಿದ ಪಾಠವೇ ಇಲ್ಲದೆ ಕಲಿಯುವ ಕ್ರಮಗಳೂ ಉಂಟು. 1975ರಲ್ಲಿ ಸಾಟೋ, 1980ರಲ್ಲಿ ಗೊಡಾರ್ಡ್ ಎಂಬವರು ಅವನ್ನು ನಿರೂಪಿಸಿದರು. ಕಳುಹಿದ ಅಂಕಗಳು ಯಾವುವೆಂದು ತಿಳಿಯದಿದ್ದರೂ ಅವುಗಳ ಸಾಮಾನ್ಯ ಸ್ವಭಾವವು ತಿಳಿದಿರುವುದೇ ಅಲ್ಲಿ ಆಧಾರ. ಛಂದಸ್ಸು ಮಾತ್ರ ಗೊತ್ತಿದ್ದು ಪದ್ಯವು ಗೊತ್ತಿಲ್ಲದವನ ಓದು ಅದು. ಸಾಧ್ಯ, ಆದರೆ ನಿಧಾನ.

ಗ್ರಾಹಕಕ್ಕೂ ಶಾಸನಸಂಪಾದಕನಿಗೂ ಒಂದು ಭೇದವುಂಟು. ಮಾತಿನ ತುಣುಕು ಸರಿಯಾಗಿ ಬಂದಿಲ್ಲವೆಂಬುದು, ಜೊತೆಗೆ ಕಳುಹಿದ ಪರೀಕ್ಷಾಂಕಗಳಿಂದ ತಿಳಿದರೆ, ಗ್ರಾಹಕವು ಅದನ್ನು ಬಿಸುಟು ಹಿಂದಿನ ತುಣುಕನ್ನೇ ಮತ್ತೆ ನುಡಿಸುತ್ತದೆ. ತುಣುಕುಗಳು ಮೇಲಿಂದ ಮೇಲೆ ಕೆಟ್ಟರೆ ಮಾತ್ರ ಮೆಲ್ಲಮೆಲ್ಲನೆ ಮೌನವಾಗುತ್ತದೆ. ಒಂದೇ ತುಣುಕು ಹೋದಾಗ ಕೇಳುವವನಿಗೆ ಲೋಪವು ಗೊತ್ತಾಗುವುದೇ ವಿರಳ. ಸಂಪಾದಕನು ತುಂಬಿದ ಅಕ್ಷರವನ್ನು ಕಂಸದೊಳಗೆ ಇಡುತ್ತಾನೆ, ಓದಲಾಗದ ಕಡೆ ಚುಕ್ಕೆಗಳನ್ನು ಬಿಡುತ್ತಾನೆ.